ನಾಲ್ಕಕ್ಕೆ ನಾಲ್ಕು

ಹಲ್ಲುಜ್ಜುತ್ತ ಅವನು ನಾಲ್ಕಕ್ಕೆ ನಾಲ್ಕು ಕೂಡಿಸಿದ. ಎಂಟು. ಬಾಯಿ ಮುಕ್ಕಳಿಸಿ ಉಗುಳಿ ಎಂಟಕ್ಕೆ ಮತ್ತೆ ನಾಲ್ಕು ಕೂಡಿಸಿದ. ಹನ್ನೆರಡು. ಹದಿನೇಳು ದಿನಗಳಿಂದ ಇದೇ ಕೆಲಸ. ಒಂದನೇ ಕ್ಲಾಸಿನ ಮಗು ಕೂಡ ತಪ್ಪದೆ ಮಾಡುವ ಲೆಕ್ಕ. ಆದರೂ ಯಾವತ್ತಾದರೂ ಒಂದು ದಿನ ಒಂಬತ್ತೋ ಹತ್ತೋ ಬಂದುಬಿಟ್ಟರೆ ತಾನು ಬಚಾವಾದೆ ಎನ್ನುವವನ ಹಾಗೆ ಮತ್ತೆ ಮತ್ತೆ ಕೂಡಿಸಿ ನೋಡುತ್ತಿದ್ದ. ಕನ್ನಡಿಯೊಳಗಿನ ಮುಖಕ್ಕೆ ಏನೂ ಆಗಿರಲಿಲ್ಲ. ಅವನಿಗೇ ಹೇಸಿಗೆಯಾಗುವಷ್ಟು ಆರೋಗ್ಯವಾಗಿತ್ತು, ಕೆನ್ನೆ ಕೂಡ ತುಸು ತುಂಬಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಮನುಷ್ಯ ಸೊರಗಬೇಕು, ಊಟ ಸೇರಬಾರದು, ನಿದ್ದೆ ಹತ್ತಬಾರದು ಎಂದು ಅವನು ತಿಳಿದಿದ್ದ. ಅವನಿಗೆ ಊಟ ಸೇರುತ್ತಿತ್ತು, ನಿದ್ದೆಯೂ ಹತ್ತುತ್ತಿತ್ತು. ‘ನಲ್ಲಿ ನಿಲ್ಲಿಸ್ರೀ, ಟ್ಯಾಂಕೆಲ್ಲ ಖಾಲಿ ಮಾಡ್ತೀರಾ?’ ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಾಗಲೇ ನೀರು ಸುರಿಯುತ್ತಿದ್ದದ್ದು ಗಮನಕ್ಕೆ ಬಂತು.

‘ಇವತ್ತೇ ಅಲ್ವಾ ವಿಚಾರಣೆ?’ ಎಂದು ತಟ್ಟೆ ಮುಂದಿಟ್ಟು ಅವಳು ಕೇಳಿದಳು. ಹೂಂ ಎಂದ. ಅವಳು ಎದುರಿಗೆ ಕೂತು, ಯಾರೂ ಕೇಳಿಸಿಕೊಳ್ಳುವವರಿಲ್ಲದಿದ್ದರೂ ದನಿ ತಗ್ಗಿಸಿ, ‘ಆ ಹೆಂಗಸು ಬೇಕಂತಲೇ ಒತ್ತಿದ್ದಂತೆ. ಗಂಡ ಹೆಂಡ್ತೀಗೆ ಆಗ್ತಿರ್ಲಿಲ್ವಂತೆ. ಕೆಳಗಿನ ಮನೆಯೋರು ಹೇಳ್ತಿದ್ರು’ ಎಂದಳು. ಕೆಳಗಿನ ಮನೆಯವರು ಲಾಂಡ್ರಿಯಲ್ಲಿ ಮಷೀನು ರಿಪೇರಿ ಮಾಡುವ ಫಿಟ್ಟರನನ್ನೂ ನೋಡಿದವರಲ್ಲ, ಅವನ ಹೆಂಡತಿಯನ್ನೂ ನೋಡಿದವರಲ್ಲ. ‘ಯಾರಿಗೆ ಗೊತ್ತು’ ಎಂದು ಹೇಳಿ ಅವನು ತುತ್ತು ಬಾಯಿಗಿಟ್ಟ. ಯಾರಿಗೆ ಗೊತ್ತು ಎಂದರೆ, ಈ ಊರಲ್ಲಿ ಒಬ್ಬನಿಗೆ ಗೊತ್ತು, ಆ ಒಬ್ಬ ಇಲ್ಲಿ ಕೂತು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಾನೆ. ಗಂಡ ಹೆಂಡಿರಿಗೆ ಆಗುತ್ತಿರಲಿಲ್ಲ ಅನ್ನುವುದೂ ಶುದ್ಧ ಸುಳ್ಳು. ಮಧ್ಯಾಹ್ನ ಇಬ್ಬರೂ ಬಾಯ್ಲರ್ ಕೋಣೆಯ ಮೆಟ್ಟಿಲ ಮೇಲೆ ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು. ಒಂದು ದಿನ ಇವನನ್ನು ಕಂಡು ಫಿಟ್ಟರ, ‘ಬನ್ನಿ ಮೇಷ್ಟ್ರೇ, ಇವಳು ನನಗೆ ಅಂತ ತಂದು ತಾನೇ ಮುಗಿಸ್ತಾಳೆ, ನೀವೊಬ್ಬರು ಸಾಕ್ಷಿ ಇರಿ’ ಎಂದಿದ್ದ. ಸಾಕ್ಷಿ. ಅವನು ಕೈ ತೊಳೆಯಲು ಎದ್ದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿ ಶಾಲೆಯ ಹುಡುಗಿಯೊಬ್ಬಳು ಬೆರಳು ಮಡಿಸುತ್ತ ಏನನ್ನೋ ಲೆಕ್ಕ ಹಾಕುತ್ತಿದ್ದಳು. ಹನ್ನೊಂದು ವರ್ಷ ಟ್ಯುಟೋರಿಯಲ್‌ನಲ್ಲಿ ಲೆಕ್ಕ ಹೇಳಿಕೊಟ್ಟವನು ಅವನು. ಬಿಡಿ ತುಂಬಿದರೆ ಹತ್ತರ ಮನೆಗೆ ದಾಟಿಸು, ಹತ್ತು ತುಂಬಿದರೆ ನೂರರ ಮನೆಗೆ ದಾಟಿಸು, ದಾಟಿಸೋದು ಮರೆತರೆ ಸೊನ್ನೆ ಮಾರ್ಕು ಎಂದು ಬೋರ್ಡಿನ ಮೇಲೆ ಸೀಮೆಸುಣ್ಣ ಕುಟ್ಟಿ ಕುಟ್ಟಿ ಹೇಳಿದವನು. ಟ್ಯುಟೋರಿಯಲ್ ಮುಚ್ಚಿದ ಮೇಲೆ ಮನೆಯಲ್ಲಿ ಕೂತು, ಮಕ್ಕಳು ಆಟಕ್ಕೆ ಕಲಿಯುವ ಕಂಪ್ಯೂಟರ್ ಭಾಷೆಯೊಂದನ್ನು ನಲವತ್ತೆರಡರ ವಯಸ್ಸಿನಲ್ಲಿ ಕಲಿತ. ಲಾಂಡ್ರಿಯ ಮ್ಯಾನೇಜರು ಬಟ್ಟೆ ಒಗೆಯುವ ನಾಲ್ಕು ಹಳೆಯ ಡ್ರಮ್ಮುಗಳನ್ನು ತಂದಿದ್ದರು, ಒಂದೊಂದೂ ಆಳೆತ್ತರ. ಮೂರು ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಬಂದು ಬೀಳುವುದು ಅವುಗಳ ಹೊಟ್ಟೆಗೆ. ಅವುಗಳ ಜೊತೆ ಬಂದ ಕಂಟ್ರೋಲ್ ಪೆಟ್ಟಿಗೆಗಳು ಸುಟ್ಟುಹೋಗಿದ್ದವು. ‘ನಾನು ಮಾಡಿಕೊಡ್ತೀನಿ ಸಾರ್, ಒಂದು ಸಣ್ಣ ಕಂಪ್ಯೂಟರ್ ಸಾಕು’ ಎಂದು ಇವನೇ ಮುಂದೆ ಬಿದ್ದು ಹೇಳಿದ್ದ. ಯಾರೂ ಕೇಳಿರಲಿಲ್ಲ. ಅದು ನೆನಪಾದರೆ ಈಗ ಕಿವಿ ಬಿಸಿಯಾಗುತ್ತದೆ.

ಮೊದಮೊದಲು ಎಂಥ ಸಂಭ್ರಮ! ಒಂದೊಂದು ಡ್ರಮ್ಮಿಗೂ ಎಂಟು ರಿಲೇ, ಎಂದರೆ ಕಂಪ್ಯೂಟರು ಹಾಕಿ ತೆಗೆಯುವ ಎಂಟು ಸ್ವಿಚ್ಚು, ಇರುವ ಒಂದು ಬೋರ್ಡು. ಬೋರ್ಡಿಗೆ ಹೋಗುವುದು ಒಂದೇ ಒಂದು ಸಂಖ್ಯೆ. ಆ ಸಂಖ್ಯೆಯೊಳಗೆ ಎಂಟು ಮನೆ, ಒಂದೊಂದು ಮನೆಯೂ ಒಂದು ಬಿಟ್, ಒಂದೊಂದಕ್ಕೂ ಒಂದು ರಿಲೇ. ಮನೆಯಲ್ಲಿ ಒಂದಿದ್ದರೆ ಚಾಲೂ, ಸೊನ್ನೆಯಿದ್ದರೆ ಬಂದ್. ಮೊದಲ ಮನೆ ನೀರು, ಬೆಲೆ ಒಂದು. ಎರಡನೆಯದು ಉಗಿ, ಎರಡು. ಮೂರನೆಯದು ಕೆಂಪು ದೀಪ, ನಾಲ್ಕು. ನಾಲ್ಕನೆಯದು ಡ್ರಮ್ಮು ತಿರುಗಿಸುವ ಮೋಟಾರು, ಎಂಟು. ಉಳಿದವೂ ಹೀಗೆಯೇ ಮೇಲೆ ಮೇಲೆ. ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಮೂರು ಎಂದು ಬರೆದರೆ ಅತ್ತ ನೀರೂ ಉಗಿಯೂ ಒಟ್ಟಿಗೆ ಭುಸುಗುಟ್ಟುತ್ತಿದ್ದವು. ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಬರೆದ ಒಂದು ಅಂಕಿಯೂ ಒಂದು ನೊಣವನ್ನು ಕೂಡ ಓಡಿಸಿರಲಿಲ್ಲ. ಇಲ್ಲಿ ಬರೆದ ಅಂಕಿ ಎರಡು ಕ್ವಿಂಟಲ್ ಒದ್ದೆ ಬಟ್ಟೆಯನ್ನು ಎತ್ತಿ ಕುಕ್ಕುತ್ತಿತ್ತು. ಲಾಂಡ್ರಿಯ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಫಿಟ್ಟರ ಹೆಗಲು ತಟ್ಟಿ, ‘ಮೇಷ್ಟ್ರು ದೊಡ್ಡೋರು ಕಣ್ರೋ’ ಎಂದ.

ಒಂದೊಂದು ಡ್ರಮ್ಮಿನ ಪ್ಯಾನೆಲ್ಲಿನಲ್ಲೂ ಮೂರು ಗುಂಡಿ. ಹಸಿರು ಒತ್ತಿದರೆ ಡ್ರಮ್ಮು ತಿರುಗುತ್ತದೆ. ಬಿಳಿ ಒತ್ತಿದರೆ ಎಲ್ಲವೂ ಸೊನ್ನೆ. ಕೆಂಪು ಒತ್ತಿದರೆ ಮೇಲಿನ ಕೆಂಪು ದೀಪ ಹತ್ತುತ್ತದೆ: ಆಳು ಒಳಗಿದ್ದಾನೆ, ಯಾರೂ ಮುಟ್ಟಬೇಡಿ ಎಂದು. ಆಳು ಒಳಗಿಳಿಯುವಾಗ ಮೇನ್ ಸ್ವಿಚ್ಚನ್ನೇ ತೆಗೆಯಬೇಕು, ಆದರೆ ಅದನ್ನು ತೆಗೆದರೆ ನಾಲ್ಕೂ ಡ್ರಮ್ಮು ನಿಲ್ಲುತ್ತವೆ, ನಿಂತರೆ ಮ್ಯಾನೇಜರ ಮುಖ ಹುಳ್ಳಗಾಗುತ್ತದೆ. ಅದಕ್ಕೇ ಈ ದೀಪ. ದೀಪ ಹತ್ತಿಸು ಎನ್ನುವ ಸಾಲಿನಲ್ಲಿ ಅವನು ನಾಲ್ಕನ್ನು ಕೂಡಿಸಿದ್ದ. ಕೂಡಿಸಬಾರದಿತ್ತು. ಮೂರನೆಯ ಮನೆಯಲ್ಲಿ ಒಂದಿರಲಿ ಎಂದಷ್ಟೇ ಹೇಳುವ ಬೇರೆ ಚಿಹ್ನೆಯಿದೆ, ನೆಟ್ಟಗೆ ನಿಂತ ಒಂದು ಗೆರೆ. ಅದನ್ನು ಹಾಕಿದರೆ ನೂರು ಸಲ ಹೇಳಿದರೂ ದೀಪ ಸುಮ್ಮನೆ ಹತ್ತಿಯೇ ಇರುತ್ತದೆ, ಪಕ್ಕದ ಮನೆಗೆ ಏನೂ ಆಗುವುದಿಲ್ಲ. ಕೂಡಿಸಿದರೂ ಮೊದಲ ಸಲ ಉತ್ತರ ಅದೇ. ಆದರೆ ದೀಪ ಆಗಲೇ ಹತ್ತಿರುವಾಗ ಇನ್ನೊಂದು ಸಲ ಒತ್ತಿದರೆ ನಾಲ್ಕಕ್ಕೆ ನಾಲ್ಕು ಸೇರಿ ಎಂಟಾಗುತ್ತದೆ, ಮೂರನೆಯ ಮನೆಯ ಒಂದು ನಾಲ್ಕನೆಯದಕ್ಕೆ ದಾಟುತ್ತದೆ: ದೀಪ ಆರುತ್ತದೆ, ಡ್ರಮ್ಮು ತಿರುಗುತ್ತದೆ. ಕೆಂಪನ್ನು ಅವನು ಒಂದೇ ಸಲ ಒತ್ತಿ ಪರೀಕ್ಷೆ ಮಾಡಿದ್ದ. ಹತ್ತಿರುವ ದೀಪವನ್ನು ಮತ್ತೆ ಯಾರು ಹತ್ತಿಸುತ್ತಾರೆ? ಏಳು ತಿಂಗಳು ಯಾರೂ ಹತ್ತಿಸಲಿಲ್ಲ.

ಲಾಂಡ್ರಿಯ ಬಾಗಿಲಲ್ಲೇ ಸೋಪಿನ, ಬೆಂದ ಬಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಮೂರನೆಯ ಡ್ರಮ್ಮಿನ ಮುಂದಿನ ನೆಲವನ್ನು ಎಷ್ಟು ಸಲ ತೊಳೆದಿದ್ದರೋ, ಅಷ್ಟು ಜಾಗ ಮಾತ್ರ ಬೇರೆ ಬಣ್ಣಕ್ಕೆ ತಿರುಗಿತ್ತು. ಅವನು ಅದನ್ನು ತುಳಿಯದೆ ಸುತ್ತಿಕೊಂಡು ಕ್ಯಾಬಿನ್ನಿಗೆ ಹೋದ. ಅವತ್ತು ಅವನು ಇಲ್ಲೇ ಗಾಜಿನ ಹಿಂದೆ ಇದ್ದ. ಫಿಟ್ಟರ ಕೆಂಪು ಒತ್ತಿ, ಸೊಂಟದವರೆಗೆ ಡ್ರಮ್ಮಿನೊಳಗೆ ಬಗ್ಗಿ, ಬಲಗೈಯನ್ನು ಡ್ರಮ್ಮಿಗೂ ಅದರ ಹೊರಗವಚಕ್ಕೂ ನಡುವಿನ ಸಂದಿಗೆ ತೂರಿಸಿ ಸಿಕ್ಕಿಬಿದ್ದ ಬಟ್ಟೆ ಎಳೆಯುತ್ತಿದ್ದ. ಅವನ ಹೆಂಡತಿ ಟ್ರಾಲಿ ತಳ್ಳಿಕೊಂಡು ಬಂದಳು. ಗಂಡನ ಕಾಲುಗಳನ್ನಷ್ಟೇ ನೋಡಿದಳು. ತಲೆಯೆತ್ತಿ ದೀಪ ನೋಡಲಿಲ್ಲ. ಗಂಡ ಮರೆಗುಳಿ, ಒತ್ತಿದನೋ ಇಲ್ಲವೋ ಎಂದು, ಗ್ಯಾಸಿನ ಗುಂಡಿಯನ್ನು ಎರಡೆರಡು ಸಲ ತಿರುಗಿಸಿ ನೋಡುವ ಹೆಂಗಸಿನ ಹಾಗೆ ಕೈಚಾಚಿ ಒತ್ತಿದಳು. ಆಮೇಲಿನ ಸದ್ದನ್ನು ಇವನು ನೆನಪಿಗೆ ತಂದುಕೊಳ್ಳುವುದಿಲ್ಲ. ಅವಳು ಇನ್ನೊಂದು ಸಲ ಒತ್ತಿದಳು, ಆಮೇಲೆ ಮೇನ್ ಸ್ವಿಚ್ಚಿನ ಕಡೆ ಓಡಿದಳು. ಅದನ್ನು ಎಳೆದವಳೂ ಅವಳೇ. ಇವನು ಗಾಜಿನ ಹಿಂದೆ ಎದ್ದು ನಿಂತಿದ್ದ, ಕೈಯಲ್ಲಿ ಪೆನ್ನಿತ್ತು.

ಅವಳು ಅವತ್ತಿನಿಂದ ಒಂದೇ ಮಾತು ಹೇಳುತ್ತಿದ್ದಳು. ‘ಕೆಂಪು ಒತ್ತಿದೆ, ತಿರುಗಿತು. ಮೇಲೆ ನೋಡಿದ್ರೆ ದೀಪ ಇಲ್ಲ. ಮತ್ತೆ ಕೆಂಪು ಒತ್ತಿದೆ, ದೀಪ ಹತ್ತಿತು, ತಿರುಗೋದು ನಿಲ್ಲಲಿಲ್ಲ.’ ಕೇಳಿದವರೆಲ್ಲ, ಪಾಪ, ತಲೆ ಕೆಟ್ಟಿದೆ ಎಂದರು. ಅವನೊಬ್ಬನೇ ಒಳಗೊಳಗೆ ಕೂಡಿಸಿದ: ನಾಲ್ಕು, ಎಂಟು, ಹನ್ನೆರಡು. ಹನ್ನೆರಡೆಂದರೆ ದೀಪವೂ ಹತ್ತಿದೆ, ಮೋಟಾರೂ ತಿರುಗುತ್ತಿದೆ. ಅಕ್ಷರ ಓದಲು ಬಾರದ ಹೆಂಗಸು, ಕಣ್ಣೆದುರು ಗಂಡನ ತೋಳು ನುಜ್ಜಾಗುತ್ತಿದ್ದಾಗ, ಈ ಮೇಷ್ಟ್ರ ತಪ್ಪನ್ನು ಹೆಜ್ಜೆ ಹೆಜ್ಜೆಗೂ ಸರಿಯಾಗಿ ಓದಿದ್ದಳು. ಮಾರನೆಯ ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದು ಅವನು ಕೂಡುವ ಚಿಹ್ನೆಯನ್ನು ಅಳಿಸಿ ನೆಟ್ಟಗಿನ ಗೆರೆ ಹಾಕಿದ. ಹಳೆಯ ಪ್ರತಿಯನ್ನು ಅಳಿಸಿದ. ಇನ್ನೊಬ್ಬರಿಗೆ ಹೀಗಾಗಬಾರದಲ್ಲ ಎಂದುಕೊಂಡ, ಅದು ಸುಳ್ಳೂ ಅಲ್ಲ. ಹಳೆಯದನ್ನು ಯಾಕೆ ಅಳಿಸಿದೆ ಎಂದು ಮಾತ್ರ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ತನಿಖೆಯ ಸಾಹೇಬರು ಹನ್ನೊಂದಕ್ಕೆ ಬಂದರು. ನೆಗಡಿಯಾಗಿತ್ತು ಅವರಿಗೆ, ಮಾತು ಮಾತಿಗೂ ಕರವಸ್ತ್ರ ತೆಗೆಯುತ್ತಿದ್ದರು. ಮ್ಯಾನೇಜರು ಎಲ್ಲರನ್ನೂ ಮೂರನೆಯ ಡ್ರಮ್ಮಿನ ಮುಂದೆ ನಿಲ್ಲಿಸಿದರು. ಫಿಟ್ಟರನ ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಲಸಕ್ಕೆ ಬಂದವಳಂತೆಯೇ ನಿಂತಿದ್ದಳು. ಇವನನ್ನು ಕಂಡು ಕೈಮುಗಿದಳು. ಇವನು ಚಪ್ಪಲಿ ನೋಡಿಕೊಂಡ. ‘ಇದನ್ನು ಬರೆದೋರು ಯಾರು?’ ಎಂದು ಸಾಹೇಬರು ಕೇಳಿದರು. ‘ಇವರೇ ಸಾರ್, ಲೆಕ್ಕದ ಮೇಷ್ಟ್ರು, ಬಹಳ ಬುದ್ಧಿವಂತರು’ ಎಂದರು ಮ್ಯಾನೇಜರು. ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ, ‘ಕೆಂಪು ಒತ್ತಿದ್ರೆ ಇದು ತಿರುಗೋಕೆ ಸಾಧ್ಯನಾ?’ ಎಂದರು. ಪ್ರಶ್ನೆ ನೇರವಾಗಿತ್ತು, ಸುತ್ತುಬಳಸು ಏನೂ ಇರಲಿಲ್ಲ. ‘ಈಗ ಬರೆದಿರೋ ಪ್ರಕಾರ ಸಾಧ್ಯವಿಲ್ಲ’ ಎಂದ. ಈಗ ಎನ್ನುವ ಮಾತನ್ನು ಅವನು ಬೇಕೆಂದೇ ಸೇರಿಸಿದ್ದ. ಯಾರಾದರೂ ಅದನ್ನು ಹಿಡಿದುಕೊಂಡು ಎಳೆಯಲಿ, ಎಳೆದರೆ ಎಲ್ಲ ಹೊರಗೆ ಬರುತ್ತದೆ ಎಂದು ಕಾದ. ಸಾಹೇಬರು ಸೀನಿದರು. ಮ್ಯಾನೇಜರು, ‘ಮಾತ್ಯಾಕೆ, ಒತ್ತಿಯೇ ನೋಡೋಣ. ಏನಮ್ಮಾ, ನೀನೇ ಒತ್ತು’ ಎಂದರು.

ಅವಳು ಮುಂದೆ ಬಂದಳು. ಕೆಂಪು ಒತ್ತಿದಳು, ಮೇಲೆ ದೀಪ ಹತ್ತಿತು. ‘ಮತ್ತೆ ಒತ್ತು.’ ಒತ್ತಿದಳು. ಕಣ್ಣು ಮುಚ್ಚಿಕೊಂಡಿದ್ದಳು, ತೆರೆದಾಗ ದೀಪ ಹಾಗೇ ಇತ್ತು, ಡ್ರಮ್ಮು ಮಿಸುಕಿರಲಿಲ್ಲ. ಮೂರನೆಯ ಸಲ ಯಾರೂ ಹೇಳದೆ ತಾನೇ ಒತ್ತಿದಳು. ನಾಲ್ಕನೆಯ ಸಲ, ಐದನೆಯ ಸಲ, ಹೆಬ್ಬೆರಳು ಬೆಳ್ಳಗಾಗುವಷ್ಟು ಅದುಮಿ ಒತ್ತಿದಳು. ತಿರುಗು, ತಿರುಗಿಬಿಡು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ, ತಾನೇ ಸರಿಮಾಡಿದ್ದು ತನ್ನ ಕೈಮೀರಿ ಕೆಟ್ಟುಹೋಗಲಿ ಎಂದು. ಅದು ಕೆಡಲಿಲ್ಲ, ಅವನ ಜೀವಮಾನದಲ್ಲೇ ಅಷ್ಟು ಚೊಕ್ಕವಾದ ಸಾಲನ್ನು ಅವನು ಬರೆದಿರಲಿಲ್ಲ. ‘ಈಗ ಹಸಿರು ಒತ್ತಮ್ಮಾ’ ಎಂದರು ಸಾಹೇಬರು, ಸ್ವಲ್ಪ ಮೆತ್ತಗೆ. ಹಸಿರು ಒತ್ತಿದ ತಕ್ಷಣ ಡ್ರಮ್ಮು ಗರ್ ಎಂದು ತಿರುಗಿತು. ಅವಳು ಹಿಂದಕ್ಕೆ ಹಾರಿ ಬಾಯಿಗೆ ಸೆರಗು ತುರುಕಿಕೊಂಡಳು. ಕೆಂಪು ದೀಪ ಇರುವಾಗ ಹಸಿರನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂದು ಇನ್ನೊಂದು ಸಾಲು ಬರೆದಿದ್ದರೆ ಅದೂ ತಿರುಗುತ್ತಿರಲಿಲ್ಲ. ಅದನ್ನೂ ಅವನು ಬರೆದಿರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಎಲ್ಲರೂ ಚದುರಿದ ಮೇಲೆ ಅವಳು ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ‘ಮೇಷ್ಟ್ರೇ, ನೀವು ಓದಿದೋರು. ನಿಮ್ಮ ಬಾಯಿಂದ ಒಂದು ಮಾತು ಹೇಳಿಬಿಡಿ. ನಾನು ಹಸಿರು ಒತ್ತಿದ್ನಾ?’ ಎಂದು ಕೇಳಿದಳು. ಎದುರಿಗೆ ಪರದೆಯ ಮೇಲೆ ಆ ಸಾಲು ತೆರೆದೇ ಇತ್ತು. ಹೇಳು, ಈಗ ಹೇಳು, ಇಲ್ಲಿ ಸಾಹೇಬರೂ ಇಲ್ಲ ಮ್ಯಾನೇಜರೂ ಇಲ್ಲ ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ‘ಒತ್ತಿರಬಹುದು. ಗಾಬರಿಯಲ್ಲಿ ಗೊತ್ತಾಗಲ್ಲ’ ಎಂದ. ತನ್ನ ದನಿ ಇಷ್ಟು ಮೃದುವಾಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಅವಳು ಉಸಿರು ಬಿಟ್ಟಳು. ‘ಸದ್ಯ. ಗೊತ್ತಾಗದೇ ಸಾಯ್ತಿದ್ದೆ. ರೆಪ್ಪೆ ಮುಚ್ಚಿದ್ರೆ ಕೆಂಪೇ ಕಾಣೋದು. ನನ್ನ ಕಣ್ಣೇ ನನಗೆ ಮೋಸ ಮಾಡ್ತಿದೆ ಅಂತ ಈಗ ತಿಳೀತು. ಆದ್ರೆ ನಮ್ಮನೆಯೋರು ಒಪ್ಪಲ್ಲ ಮೇಷ್ಟ್ರೇ. ಊರೆಲ್ಲ ಒಂದು ಹೇಳಿದ್ರೆ ಅವರೊಬ್ಬರು, ನೀನು ಕೆಂಪೇ ಒತ್ತಿರ್ತೀಯ, ನಿನ್ನನ್ನ ನಾನು ಬಲ್ಲೆ ಅಂತಾರೆ. ಅದನ್ನ ಕೇಳೋಕೆ ಆಗಲ್ಲ ನನಗೆ. ನೀವೊಂದು ಸಲ ಬಂದು ಹೇಳಿ. ನೀವು ಹೇಳಿದ್ರೆ ನಂಬ್ತಾರೆ.’

ಆಸ್ಪತ್ರೆಗೆ ಎರಡು ಸ್ಟಾಪು. ನಡೆದೇ ಹೋದರು. ಅವಳು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಅವಳ ಹಿಮ್ಮಡಿ ಸೋಪಿನ ನೀರಿಗೆ ಬಿರುಕುಬಿಟ್ಟಿತ್ತು. ಔಷಧಿ ಅಂಗಡಿ, ಬೀಗದ ಕೈ ಮಾಡುವವನ ಪೆಟ್ಟಿಗೆ, ಅರ್ಧ ಕಟ್ಟಿ ಬಿಟ್ಟ ಒಂದು ಕಟ್ಟಡ. ಒಂದೊಂದನ್ನೂ ಗುರುತಿಟ್ಟುಕೊಂಡು, ಅದು ದಾಟಿದ ಮೇಲೆ ಹೇಳುತ್ತೇನೆ, ಇದು ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಹೇಳಿದರೆ ಏನಾಗುತ್ತದೆ? ಕೆಲಸ ಹೋಗುತ್ತದೆ, ಸಾಹೇಬರು ಮತ್ತೆ ಬರುತ್ತಾರೆ, ಕೆಳಗಿನ ಮನೆಯವರು ದನಿ ತಗ್ಗಿಸಿ ಇವನ ಹೆಸರು ಹೇಳುತ್ತಾರೆ. ಅಷ್ಟೇ ತಾನೆ. ಅದನ್ನೆಲ್ಲ ಎಣಿಸಿ ನೋಡಿದರೆ ಒಂದು ತೋಳಿಗೆ ಸಮನಾಗುವುದಿಲ್ಲ ಎನ್ನುವುದು ಲೆಕ್ಕದ ಮೇಷ್ಟ್ರಿಗೆ ತಿಳಿಯದ್ದಲ್ಲ. ಆಸ್ಪತ್ರೆಯ ಗೇಟು ಬಂತು.

ವಾರ್ಡಿನ ಮೂಲೆಯ ಮಂಚದಲ್ಲಿ ಫಿಟ್ಟರ ದಿಂಬಿಗೊರಗಿ ಕೂತಿದ್ದ. ಬಲಗೈ ಮೊಣಕೈಗೆ ಮುಗಿದಿತ್ತು, ಮುಗಿದಲ್ಲಿ ಬಿಳಿ ಬಟ್ಟೆಯ ಉಂಡೆ. ಹಾಸಿಗೆಯ ಬಟ್ಟೆಯ ಅಂಚಿನಲ್ಲಿ ಲಾಂಡ್ರಿಯ ನೀಲಿ ಮುದ್ರೆಯಿತ್ತು. ಇವನನ್ನು ಕಂಡು, ‘ಓ ಮೇಷ್ಟ್ರು! ಬನ್ನಿ ಬನ್ನಿ. ಎಡಗೈಲಿ ನಮಸ್ಕಾರ, ಬೇಜಾರು ಮಾಡ್ಕೋಬೇಡಿ’ ಎಂದು ನಕ್ಕ. ಅವಳು ಕೂರಲಿಲ್ಲ. ನಿಂತುಕೊಂಡೇ, ಪಾಠ ಒಪ್ಪಿಸುವವಳಂತೆ ಹೇಳಿದಳು: ‘ನೋಡಿ, ಇವತ್ತು ಎಲ್ಲರ ಮುಂದೆ ನಾನೇ ಒತ್ತಿ ನೋಡಿದೆ. ಕೆಂಪು ಐದು ಸಲ ಒತ್ತಿದೆ. ತಿರುಗಲಿಲ್ಲ. ಅವತ್ತು ನಾನೇ ಹಸಿರು ಒತ್ತಿದ್ದು. ಬೇಕಾದ್ರೆ ಮೇಷ್ಟ್ರನ್ನ ಕೇಳಿ.’

ಫಿಟ್ಟರ ಇವನತ್ತ ತಿರುಗಿದ. ನಗು ಇನ್ನೂ ಮುಖದಲ್ಲೇ ಉಳಿದಿತ್ತು. ‘ಹೌದಾ ಮೇಷ್ಟ್ರೇ?’

‘ಇಲ್ಲ’ ಎಂದ. ಅಷ್ಟು ಸುಲಭವಾಗಿ ಬಾಯಿಂದ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ‘ಇವರು ಕೆಂಪೇ ಒತ್ತಿದ್ದು. ತಪ್ಪು ನನ್ನದು. ನಾನು ಬರೆದದ್ದರಲ್ಲಿ ತಪ್ಪಿತ್ತು, ಕೂಡಿಸಬಾರದ ಕಡೆ ಕೂಡಿಸಿದ್ದೆ. ಕೆಂಪು ಎರಡು ಸಲ ಒತ್ತಿದ್ರೆ ತಿರುಗ್ತಿತ್ತು. ಮಾರನೇ ದಿನ ಯಾರಿಗೂ ಹೇಳದೆ ಸರಿಮಾಡಿದೆ. ಅದಕ್ಕೇ ಇವತ್ತು ತಿರುಗಲಿಲ್ಲ.’ ಪಕ್ಕದ ಮಂಚದವನು ಕೆಮ್ಮಿದ. ಇವನು ಬೆವರುತ್ತಿದ್ದ.

ಅವಳೇ ಮೊದಲು ಮಾತಾಡಿದ್ದು. ‘ನೋಡಿದ್ರಾ? ನನ್ನನ್ನ ಬಚಾವ್ ಮಾಡೋಕೆ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ಮೇಷ್ಟ್ರೇ, ಬೇಡ. ಅಲ್ಲಿ, ನಾನು ಹಸಿರು ಒತ್ತಿರಬಹುದು ಅಂತ ನೀವೇ ಅಂದ್ರಿ, ಸಾಹೇಬರ ಮುಂದೆ ಸಾಧ್ಯವೇ ಇಲ್ಲ ಅಂದ್ರಿ. ಇವರ ಮುಖ ನೋಡಿ ಕರುಳು ಚುರ್ ಅಂತು ಅಂತ ಈಗ ಮಾತು ಬದಲಾಯಿಸ್ತೀರಾ?’

‘ಅಲ್ಲ, ನಿಜವಾಗ್ಲೂ...’

‘ಮೇಷ್ಟ್ರೇ’ ಎಂದ ಫಿಟ್ಟರ. ನಗು ಹೋಗಿತ್ತು. ‘ನೀವು ದೊಡ್ಡ ಮನುಷ್ಯರು. ಆದ್ರೆ ಸುಳ್ಳು ಹೇಳೋಕೆ ನಿಮಗೆ ಬರಲ್ಲ. ಹೆಂಗೆ ಬೆವರ್ತಿದ್ದೀರಿ ನೋಡಿ.’ ಅವನು ಹೆಂಡತಿಯ ಕಡೆ ತಿರುಗಿದ. ‘ಹಸಿರಾ?’ ಎಂದು ಕೇಳಿದ.

‘ಹೂಂ.’

‘ನಾನು ಊರಿಗೆಲ್ಲ ಹೇಳ್ಕೊಂಡು ಕೂತಿದ್ದೆ, ಅವಳು ಅಂಥೋಳಲ್ಲ ಅಂತ.’ ಅವನು ಗೋಡೆಯ ಕಡೆ ಹೊರಳಲು ಹೋದ, ಕೈಯಿಲ್ಲದ್ದರಿಂದ ಹೊರಳಲಾಗಲಿಲ್ಲ. ಅವಳು ಬೆನ್ನಿಗೆ ಕೈಕೊಟ್ಟು ಹೊರಳಿಸಿದಳು. ಹೊರಳಿಸಿ, ಅಲ್ಲೇ ಮಂಚದ ಅಂಚಿಗೆ ಹಣೆಯಿಟ್ಟು ಅತ್ತಳು. ಹದಿನೇಳು ದಿನದಲ್ಲಿ ಅವಳು ಅತ್ತದ್ದನ್ನು ಲಾಂಡ್ರಿಯಲ್ಲಿ ಯಾರೂ ನೋಡಿರಲಿಲ್ಲ. ಫಿಟ್ಟರ ಬೆನ್ನು ತಿರುಗಿಸಿಕೊಂಡೇ, ‘ಹೋಗ್ಲಿ ಬಿಡು, ಆಗಿದ್ದಾಯ್ತು’ ಎಂದ. ಮೆಟ್ಟಿಲ ಮೇಲೆ ಡಬ್ಬಿ ಹಂಚಿಕೊಂಡು ಮಾತಾಡುತ್ತಿದ್ದ ದನಿ ಅದಾಗಿರಲಿಲ್ಲ.

ಮಂಚದ ಕಾಲ ಬಳಿ ಜ್ವರದ ಪಟ್ಟಿ ನೇತಾಡುತ್ತಿತ್ತು, ಅದಕ್ಕೊಂದು ಪೆನ್ಸಿಲು ಕಟ್ಟಿತ್ತು. ಅದನ್ನು ತೆಗೆದುಕೊಂಡು ಎಂಟು ಮನೆ ಗೀಚಿ, ಮೂರನೆಯದರಲ್ಲಿ ಒಂದು ಬರೆದು, ನೋಡಿ ಹೀಗೆ, ಇಲ್ಲಿಂದ ಇಲ್ಲಿಗೆ ದಾಟಿತು ಎಂದು ತೋರಿಸಬಹುದಿತ್ತು. ದಡ್ಡರಲ್ಲಿ ದಡ್ಡರಿಗೆ ಅವನು ಇದನ್ನೇ ಹನ್ನೊಂದು ವರ್ಷ ಹೇಳಿಕೊಟ್ಟಿದ್ದ. ಐದು ನಿಮಿಷದ ಪಾಠ. ಅವನು ಪೆನ್ಸಿಲನ್ನು ನೋಡುತ್ತ ನಿಂತ. ನಾನು ಹೇಳಿಯಾಯಿತಲ್ಲ ಎನಿಸಿತು. ಹೇಳಿದೆ, ಅವರೇ ನಂಬಲಿಲ್ಲ. ಹದಿನೇಳು ದಿನದಿಂದ ಎದೆಯ ಮೇಲಿದ್ದದ್ದು ಇಳಿಯುತ್ತಿರುವುದು ಮೈಗೆ ತಿಳಿಯಿತು, ನಾಚಿಕೆಯಾಯಿತು, ಆ ನಾಚಿಕೆಯೂ ಆಗಲೇ ತೆಳ್ಳಗಾಗುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಎದ್ದು, ಬಂದವರನ್ನು ನಿಲ್ಲಿಸಿಯೇ ಮಾತಾಡಿಸುತ್ತಿದ್ದೇನೆಂದು ಗಡಿಬಿಡಿಯಿಂದ ಸ್ಟೂಲು ಎಳೆದು ಹಾಕಿದಳು. ಫ್ಲಾಸ್ಕಿನಿಂದ ಲೋಟಕ್ಕೆ ಟೀ ಬಗ್ಗಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅವನು ಕೂತು ಒಂದು ಗುಟುಕು ಕುಡಿದ.

‘ಸಕ್ಕರೆ ಸಾಕಾ ಮೇಷ್ಟ್ರೇ?’

‘ಸಾಕು’ ಎಂದ. ಈ ಸಲ ಅವನ ಮಾತನ್ನು ಅವಳು ನಂಬಿದಳು.